ಹಿತ್ತಲ ತಂತಿಯ ಮೇಲಿನ ಪಂಚೆಗಳು

ಜಾವಗಲ್‌ನಲ್ಲಿ ಯಾರನ್ನು ಬೇಕಾದರೂ ಕೇಳಿ, ಷಡಕ್ಷರಪ್ಪನವರಿಗೆ ಏನಾಯಿತು ಅಂತ. ಅರಳುಮರಳು ಅಂತಾರೆ. ಅರವತ್ತಕ್ಕೆ ಅರಳುಮರಳು ಅಂತ ಗಾದೆಯೇ ಇದೆಯಲ್ಲ, ಗಾದೆ ಇದ್ದ ಮೇಲೆ ಯೋಚನೆ ಮಾಡುವ ಕಷ್ಟ ಯಾರಿಗೆ ಬೇಕು. ನಾನು ಮೂವತ್ತೊಂದು ವರ್ಷ ಇದೇ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವಳು, ಹೆಸರು ಚಲುವಮ್ಮ. ನನ್ನನ್ನು ಕೇಳಿದರೆ ಹೇಳುತ್ತೇನೆ, ಅದು ಅರಳುಮರಳಲ್ಲ. ಹೊತ್ತಿಗೆ ಸರಿಯಾಗಿ ನೋಡಿದ್ದರೆ ವಾಸಿಯಾಗುತ್ತಿದ್ದ ಕಾಯಿಲೆ. ನಾವು ನಾಲ್ಕು ಜನ ಸೇರಿ ಅದನ್ನು ವಾಸಿಯಾಗದ ಹಾಗೆ ಮಾಡಿದೆವು. ಆ ನಾಲ್ವರಲ್ಲಿ ನಾನೂ ಒಬ್ಬಳು, ಅದಕ್ಕೇ ಬರೆಯಲು ಕೂತಿದ್ದೇನೆ.

ಷಡಕ್ಷರಪ್ಪನವರು ಕೊಬ್ಬರಿ ವ್ಯಾಪಾರದವರು. ಸಂತೆ ಬೀದಿ ದಾಟಿದರೆ ಎಡಕ್ಕೆ ಅವರ ಮನೆ, ಮುಂದೆ ಜಗಲಿ, ಒಳಗೆ ಅಟ್ಟ, ಅಟ್ಟದ ತುಂಬ ಕಾಯಿ. ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಅಂತ ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ, ಉಂಡೆ ಗಡಗಡ ಅಂದರೆ ಆಗಿದೆ. ಷಡಕ್ಷರಪ್ಪನವರು ಒಂದು ಸಲ ಅಲ್ಲಾಡಿಸಿದರೆ ಸಾಕಿತ್ತು, ಎರಡನೇ ಸಲ ಅಲ್ಲಾಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಇನ್ನು ಅವರ ನಡಿಗೆ. ಹಳೇಬೀಡಿಗೆ ಬಸ್ಸಿನಲ್ಲಿ ಹೋಗಿ ಇಳಿದು, ಅಲ್ಲಿಂದ ಮಾದಿಹಳ್ಳಿ ಕಡೆಯ ತೋಟಗಳನ್ನೆಲ್ಲ ಕಾಲಲ್ಲೇ ಸುತ್ತಿ ಕಾಯಿ ಕೊಳ್ಳುತ್ತಿದ್ದರು. ಬೈಕಿನಲ್ಲಿ ಹೋದವನಿಗೆ ಬೇಲಿ ಕಾಣುತ್ತೆ, ತೋಟ ಕಾಣಲ್ಲ ಅನ್ನುವರು. ಮಗ ಮಹಾಂತೇಶ್ ಹಿಂದೆ ಓಡಿಕೊಂಡು ಹೋಗಬೇಕಿತ್ತು.

ನನಗೆ ಅವರ ಜಗಲಿ ಚೆನ್ನಾಗಿ ಗೊತ್ತು, ಯಾಕೆಂದರೆ ಅದರಿಂದ ಒಳಕ್ಕೆ ನಾನು ಹೋದದ್ದೇ ಇಲ್ಲ. ಅವರು ಲಿಂಗವಂತರು. ನಮ್ಮದು ಕೆಳಗಿನ ಕೇರಿ, ಈಗ ಗೋಡೆಯ ಮೇಲೆ ಬುದ್ಧನ ಪಟ. ಅವರ ಮನೆಯವರಿಗೆಲ್ಲ ಸೂಜಿ ಚುಚ್ಚಿದ್ದು, ಮೊಮ್ಮಗುವಿಗೆ ಪೋಲಿಯೋ ಹನಿ ಹಾಕಿದ್ದು, ಎಲ್ಲ ಜಗಲಿಯ ಮೇಲೆಯೇ. ಬಿ.ಪಿ. ನೋಡಲು ಬೆಳಿಗ್ಗೆ ಹೋದರೆ ಅವರ ಪೂಜೆ ಮುಗಿಯುವವರೆಗೆ ಕಾಯಬೇಕು. ಸ್ನಾನ ಮಾಡಿ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಎಡಗೈಯಲ್ಲಿಟ್ಟು ಪೂಜೆ ಮಾಡದೆ ಅವರು ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಆಮೇಲೆ ಹೊರಗೆ ಬಂದು, ಬನ್ನಿ ನರ್ಸಮ್ಮ, ಕೂತ್ಕಳಿ ಅಂತ ಮರ್ಯಾದೆಯಿಂದಲೇ ಮಾತಾಡಿಸುವರು. ನನಗೆ ಕಾಫಿ ಕಾಗದದ ಲೋಟದಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಅವರು ಒಂದು ತೊಟ್ಟು ನೀರು ಕುಡಿದವರಲ್ಲ. ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ, ಬೈಯುವುದಿದ್ದರೆ ನಾನು ನೇರವಾಗಿಯೇ ಬೈಯುತ್ತೇನೆ. ಮುಂದಿನದು ಅರ್ಥವಾಗಲಿ ಅಂತ ಹೇಳಿದೆ.

ಮೊದಲು ಕೆಟ್ಟದ್ದು ಕಾಲು. ಆಗ ಅವರಿಗೆ ಅರವತ್ತೇಳು. ಪಾದ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಕಾಲನ್ನು ಅಗಲಿಸಿಕೊಂಡು, ಉಜ್ಜಿಕೊಂಡು, ಗೇಣು ಗೇಣು ಹೆಜ್ಜೆ. ಹಿಂದಕ್ಕೆ ತಿರುಗಬೇಕಾದರೆ ಎಂಟು ಹತ್ತು ಹೆಜ್ಜೆ ಬೇಕಾಗುತ್ತಿತ್ತು. ಹೊಸ್ತಿಲು ಬಂದರೆ ನಿಂತೇಬಿಡುವರು. ಅರಸೀಕೆರೆಯ ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಮಂಡಿ ಸವೆದಿದೆ ಅಂದರು. ಸವೆದದ್ದೂ ನಿಜವೇ. ಎರಡು ಮಂಡಿಗೂ ಇಂಜೆಕ್ಷನ್ ಆಯಿತು. ಜಗಲಿಯ ಮೇಲೆ ಕೂತು ನಾನೂ ನೋಡಿ, ಮಂಡಿಯೇ ಇರಬೇಕು ಅಂದುಕೊಂಡೆ.

ಆಮೇಲೆ ಮರೆವು. ಏನಾದರೂ ಕೇಳಿದರೆ ಉತ್ತರ ಬರಲು ಒಂದು ನಿಮಿಷ. ತೋಟದವರ ಹೆಸರುಗಳು ಹೋದವು. ಒಂದು ದಿನ ನನ್ನ ಕಣ್ಣೆದುರಿಗೇ ಒಂದು ಕಾಯಿ ಎತ್ತಿ, ಅಲ್ಲಾಡಿಸಿ, ಕೆಳಗಿಟ್ಟು, ಮತ್ತೆ ಅದನ್ನೇ ಎತ್ತಿ ಅಲ್ಲಾಡಿಸಿದರು. ನಾಲ್ಕು ಸಲ. ಮಹಾಂತೇಶ್ ಬಂದು ಮೆಲ್ಲಗೆ ಕೈಯಿಂದ ತೆಗೆದುಕೊಂಡ. ಮನೆಯವರು ಅವರನ್ನು ಮಠಕ್ಕೆ ಕರೆದುಕೊಂಡು ಹೋಗಿ ವಿಭೂತಿ ಹಚ್ಚಿಸಿಕೊಂಡು ಬಂದರು.

ಹೀಗೆ ಕಾಲನ್ನು ಮೂಳೆ ಡಾಕ್ಟರಿಗೆ ಒಪ್ಪಿಸಿದರು, ಮರೆವನ್ನು ಮಠಕ್ಕೆ ಒಪ್ಪಿಸಿದರು. ಮೂರನೆಯದೊಂದು ಇತ್ತು, ಅದನ್ನು ಯಾರಿಗೂ ಒಪ್ಪಿಸಲಿಲ್ಲ. ನನಗೆ ಸುಳಿವು ಸಿಕ್ಕಿರಲಿಲ್ಲ ಅಂತ ಹೇಳಲಾರೆ. ಜಗಲಿಗೆ ಹೋದರೆ ಯಾವ ಹೊತ್ತಿನಲ್ಲೂ ಊದುಬತ್ತಿಯ ಹೊಗೆ. ಆರು ತಿಂಗಳಿಂದ ಅವರ ಕೊರಳಲ್ಲಿ ಕರಡಿಗೆ ಕಾಣಿಸುತ್ತಿರಲಿಲ್ಲ. ಅವರ ಹೆಂಡತಿ ಶಿವಗಂಗಮ್ಮನನ್ನು ಕೇಳಿದೆ. ಶಿವದಾರ ಹಳೇದಾಗಿತ್ತು, ಹೊಸದು ಕಟ್ಟಿಸಬೇಕು ಅಂದಳು. ದಾರಕ್ಕೆ ಆರು ತಿಂಗಳು ಬೇಕೇ ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ. ಒಳಗೆ ಕರೆಯದ ಮನೆಯ ಒಳಗಿನ ವಿಷಯ ನನಗ್ಯಾಕೆ ಅನ್ನುವ ಬಿಗುಮಾನ ನನಗೂ ಇತ್ತು.

ಅರಸೀಕೆರೆಯಲ್ಲಿ ತಿಂಗಳಿಗೊಂದು ದಿನ ಮರೆವಿನವರನ್ನು ನೋಡುವ ಒಂದು ಕ್ಲಿನಿಕ್ ನಡೆಯುತ್ತದೆ. ನೋಡುವವರು ಮೀನಾಕ್ಷಿ ಅಂತ, ಚಿಕ್ಕ ವಯಸ್ಸಿನ ಡಾಕ್ಟರು. ಅಲ್ಲಿಗೆ ಕರೆದುಕೊಂಡು ಹೋಗು ಅಂತ ಮಹಾಂತೇಶನಿಗೆ ಹೇಳಿದವಳು ನಾನೇ. ಹೇಳಿದೆ, ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಜೊತೆಗೆ ಹೋಗಲಿಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಮಹಾಂತೇಶನೇ ಹೇಳಿದ.

ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಒಳಗೆ ನೀರಿರುವ ಕೋಣೆಗಳಿರುತ್ತವೆ, ಅವು ದೊಡ್ಡದಾಗಿವೆ ಅಂದರು. ಎರಡು ಕಾರಣಕ್ಕೆ ಹಾಗಾಗುತ್ತದಂತೆ. ವಯಸ್ಸಾಗಿ ಮೆದುಳು ಕುಗ್ಗಿದರೆ ಕೋಣೆ ಅಗಲವಾಗಿ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಇಲ್ಲವೇ ನೀರು ಇಂಗದೆ ನಿಂತು ಮೆದುಳನ್ನು ಒತ್ತುತ್ತಿರುತ್ತದೆ, ಅದಕ್ಕೆ ಮದ್ದಿದೆ. ನೀರಿನ ಕಾಯಿಲೆಯಾದರೆ ಮೂರು ಕೆಡುತ್ತವೆ, ಕಾಲು, ನೆನಪು, ಮೂತ್ರದ ಹಿಡಿತ. ಬಟ್ಟೆಯಲ್ಲೇ ಹೋಗುತ್ತಾ ಅಂತ ಡಾಕ್ಟರು ಕೇಳಿದರು. ಶಿವಗಂಗಮ್ಮ ಇಲ್ಲ ಅಂದಳು. ಎದ್ದು ಹೋಗುವಷ್ಟರಲ್ಲಿ ತಡೆಯೋಕಾಗದೆ ಹೋಗೋದು, ಅದೂ ಇಲ್ವಾ ಅಂತ ಇನ್ನೊಂದು ಸಲ ಕೇಳಿದರು. ಇಲ್ಲ ಅಂದಳು. ಷಡಕ್ಷರಪ್ಪನವರನ್ನೇ ಕೇಳಿದರೆ ಅವರು ಗೋಡೆ ನೋಡುತ್ತ ಕೂತಿದ್ದರು. ಮಹಾಂತೇಶ್ ಪಕ್ಕದ ಮನೆಯಲ್ಲಿ ಹೆಂಡತಿ ಮಗುವಿನೊಂದಿಗೆ ಇರುವವನು, ನಡುವೆ ಒಂದೇ ಗೋಡೆ. ಅವನಿಗೆ ಅನುಮಾನವಿತ್ತು. ಅವ್ವ ಇಲ್ಲ ಅಂದ ಮೇಲೆ ನಾನೆಂಗೆ ಹೌದು ಅನ್ಲಿ ಅಂತ ನನ್ನ ಮುಂದೆ ಕಣ್ಣು ಒರೆಸಿಕೊಂಡ.

ಮಂಡಿಗೆ ಸವೆತ ಇದೆ, ಮರೆವಿಗೆ ವಯಸ್ಸಿದೆ, ಮೂರನೆಯದು ಇಲ್ಲವೇ ಇಲ್ಲ, ನೀರಿನ ಕಾಯಿಲೆ ಅನ್ನಲು ಆಧಾರ ಸಿಗಲಿಲ್ಲ. ಡಾಕ್ಟರು ಆದರೂ ಬಿಡಲಿಲ್ಲ, ಮರೆವಿಗೆ ಮಾತ್ರೆ ಬರೆದುಕೊಟ್ಟು, ಮೂರು ತಿಂಗಳಿಗೆ ತಪ್ಪದೆ ಬನ್ನಿ, ನಡಿಗೆ ನೋಡಬೇಕು ಅಂದರು. ಇವರು ಹೋಗಲಿಲ್ಲ. ಹಳೇ ಚೀಟಿ ತೋರಿಸಿದರೆ ಮಾತ್ರೆ ಊರಿನ ಅಂಗಡಿಯಲ್ಲೇ ಸಿಗುತ್ತಿತ್ತು. ಒಂದೂವರೆ ವರ್ಷ ಹೋಯಿತು. ನಾನು ಅಷ್ಟರಲ್ಲಿ ರಿಟೈರ್ ಆಗಿದ್ದೆ, ಆ ಕಡೆ ಹೋಗುವುದೂ ಕಡಿಮೆಯಾಗಿತ್ತು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಮಹಾಂತೇಶ್ ಓಡಿಬಂದ. ಅವ್ವ ಹಿತ್ತಲಲ್ಲಿ ಜಾರಿ ಬಿದ್ದಿದ್ದಾಳೆ, ಏಳೋಕಾಗುತ್ತಿಲ್ಲ ಅಂದ. ಹೋದೆ. ಜಗಲಿಯಲ್ಲಿ ಅಭ್ಯಾಸದಂತೆ ನಿಂತೆ. ಅವನು ಕೈ ಹಿಡಿದು ಒಳಕ್ಕೆ ಎಳೆದುಕೊಂಡೇ ಹೋದ. ನಡುಮನೆ, ಅಡುಗೆಮನೆ, ಆಮೇಲೆ ಹಿತ್ತಲು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯನ್ನು ನೋಡಿದ್ದು. ನಡುಮನೆಯಲ್ಲಿ ಷಡಕ್ಷರಪ್ಪನವರು ಕುರ್ಚಿಯಲ್ಲಿ ಕೂತಿದ್ದರು, ಯಾರು ಹೋದರು ಯಾರು ಬಂದರು ಅಂತ ತಲೆ ಎತ್ತಲಿಲ್ಲ.

ಶಿವಗಂಗಮ್ಮ ಒಗೆಯುವ ಕಲ್ಲಿನ ಪಕ್ಕ ಬಲಗೈ ಹಿಡಿದುಕೊಂಡು ಕೂತಿದ್ದಳು. ಮಣಿಕಟ್ಟು ಮುರಿದಿತ್ತು. ಹಳೇ ಪೇಪರ್ ಮಡಿಸಿ ಕಟ್ಟು ಕಟ್ಟುತ್ತ ತಲೆ ಎತ್ತಿದೆ. ತಂತಿಯ ಮೇಲೆ ಪಂಚೆಗಳು. ಎಣಿಸಿದೆ, ಹನ್ನೊಂದು. ಅವುಗಳ ಪಕ್ಕದಲ್ಲಿ ಹಳೇ ಸೀರೆ ಹರಿದು ನಾಲ್ಕು ಮಡಿಕೆ ಮಾಡಿ ಹೊಲಿದ ಬಟ್ಟೆಗಳು. ಬಾಣಂತನ ನೋಡಿಕೊಂಡು ಬಂದವಳಿಗೆ ಅವು ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಮನೆಯಲ್ಲಿ ಎಳೆಗೂಸು ಇರಲಿಲ್ಲ.

ಎಷ್ಟು ದಿನದಿಂದ ಅಂತ ಕೇಳಿದೆ. ಅವಳು ಮಗನನ್ನು ಆಟೋ ತರಲು ಕಳಿಸಿದಳು. ಅವನು ಹೋದ ಮೇಲೆ ಹೇಳಿದಳು, ಮೂರು ವರ್ಷ. ಮೊದಲು ವಾರಕ್ಕೊಂದು ಸಲ, ಆಮೇಲೆ ದಿನಾ, ಈಗ ಲೆಕ್ಕವಿಲ್ಲ. ಮೊದಲ ಸಲ ಆದಾಗ ಷಡಕ್ಷರಪ್ಪನವರು ಪೂಜೆಗೆ ಕೂತಿದ್ದರಂತೆ. ಎಡಗೈಯಲ್ಲಿ ಲಿಂಗ ಇದ್ದಂತೆಯೇ ಆಗಿಹೋಯಿತಂತೆ.

"ಎದ್ದು ಮತ್ತೆ ಸ್ನಾನ ಮಾಡ್ಕಂಡು ಬಂದು, ಕರಡಿಗೆ ಬಿಚ್ಚಿ ದೇವರ ಗೂಡಲ್ಲಿ ಇಟ್ಬುಟ್ರು. ಇಂಥ ಮೈಮೇಲೆ ಬ್ಯಾಡ ಅಂದ್ರು. ನನ್ ಕೊರಳಲ್ಲಿರೋ ಲಿಂಗನ ನನ್ ಕೈಲೇ ಹಿಡಿಸಿ ಆಣೆ ಇಡಿಸ್ಕಂಡ್ರು ನರ್ಸಮ್ಮ, ಸಾಯೋ ತನಕ ಯಾರ್ಗೂ ಬಾಯಿ ಬಿಡಲ್ಲ ಅಂತ."

ನನಗೆ ಮೈಯೆಲ್ಲ ಉರಿದುಹೋಯಿತು. ಲಿಂಗಕ್ಕೆ ಮೈಲಿಗೆಯಿಲ್ಲ ಅಂತ ನಿಮ್ಮ ಮಠದವರೇ ಮೈಕಿನಲ್ಲಿ ಹೇಳುತ್ತಾರಲ್ಲ, ನಮ್ಮ ಕೇರಿಗೂ ಕೇಳುತ್ತದೆ, ನಿಮಗೆ ಕೇಳಿಸಲಿಲ್ಲವೇ ಅಂದೆ. ಅವಳು ಮುರಿದ ಕೈಯನ್ನು ನೋಡಿಕೊಳ್ಳುತ್ತ ಹೇಳಿದಳು, "ಮಠದಲ್ಲಿ ಕೇಳೋದೇ ಬೇರೆ, ನಮ್ ಮೈಮೇಲೆ ಬಂದಾಗ್ಲೇ ಬೇರೆ ಕಣ್ರೀ."

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಈ ಹೆಂಗಸು ಮೂರು ವರ್ಷ ಬಾಯಿ ಕಟ್ಟಿಕೊಂಡು ಗಂಡನ ಬಟ್ಟೆ ಒಗೆದಿದ್ದಳು, ಅದನ್ನು ಮುಂದೆ ಜಗಲಿಗೆ ಕಾಣದ ಹಾಗೆ ಹಿತ್ತಲಲ್ಲಿ ಒಣಗಿಸಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಒಂದು ಸಲ, ಒಂದೇ ಸಲ ಈ ಹಿತ್ತಲಿಗೆ ಬಂದಿದ್ದರೆ ಸಾಕಿತ್ತು. ಕೊನೆಗೆ ಇಷ್ಟು ಹೇಳಿದೆ, "ಆಣೆ ಇಟ್ಟೋರು ನೀವು, ನಾನಲ್ಲ. ನೀವು ಬಾಯಿ ಬಿಡಬೇಡಿ. ಕಣ್ಣಲ್ಲಿ ಕಂಡಿದೀನಿ, ನಾನೇ ಹೇಳ್ತೀನಿ."

ಅರಸೀಕೆರೆಗೆ ಈ ಸಲ ನಾನೇ ಹೋದೆ. ಮೀನಾಕ್ಷಿ ಡಾಕ್ಟರಿಗೆ ಪಂಚೆಯ ಲೆಕ್ಕವನ್ನೂ ಹೇಳಿದೆ. ಅವರು ಹಳೇ ಸ್ಕ್ಯಾನ್ ದೀಪಕ್ಕೆ ಹಿಡಿದು ಎಷ್ಟೋ ಹೊತ್ತು ನೋಡಿದರು, ಯಾರನ್ನೂ ಬೈಯಲಿಲ್ಲ. ಹಾಸನದ ಆಸ್ಪತ್ರೆಗೆ ಸೇರಿಸಿ, ಬೆನ್ನಿನಿಂದ ಸ್ವಲ್ಪ ನೀರು ತೆಗೆದು ನೋಡೋಣ, ತೆಗೆದ ಮೇಲೆ ನಡಿಗೆ ಸುಧಾರಿಸಿದರೆ ಆಪರೇಷನ್‌ನಿಂದ ಉಪಯೋಗವಾಗುತ್ತದೆ ಅಂದರು.

ಹಾಸನದಲ್ಲಿ ಮೊದಲು ಹತ್ತು ಮೀಟರ್ ನಡೆಸಿದರು, ಗಡಿಯಾರ ಹಿಡಿದುಕೊಂಡು. ನಲವತ್ಮೂರು ಸೆಕೆಂಡ್, ಐವತ್ತೆರಡು ಹೆಜ್ಜೆ. ಆಮೇಲೆ ಪಕ್ಕಕ್ಕೆ ಮಲಗಿಸಿ, ಸೊಂಟದ ಹತ್ತಿರ ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ನೀರು ತೆಗೆದರು. ತಿಳಿಯಾದ ನೀರು, ಒಂದು ಸಣ್ಣ ಔಷಧಿ ಬಾಟಲಿಯಷ್ಟೂ ಇರಲಿಲ್ಲ. ಇಷ್ಟರಿಂದ ಏನಾದೀತು ಅಂತ ಮಹಾಂತೇಶ್ ಗೊಣಗಿದ.

ಮಾರನೇ ದಿನ ಬೆಳಿಗ್ಗೆ ಷಡಕ್ಷರಪ್ಪನವರು ತಾವೇ ಎದ್ದು ಬಚ್ಚಲಿಗೆ ಹೋಗಿ ಬಂದರು. ಹಾಸಿಗೆ ಒಣಗಿತ್ತು. ಅದೇ ಹತ್ತು ಮೀಟರ್ ಹದಿನೆಂಟು ಸೆಕೆಂಡಿನಲ್ಲಿ ನಡೆದರು. ಪಾದ ನೆಲ ಬಿಟ್ಟು ಏಳುವುದನ್ನು ನಾನು ನೋಡಿದೆ. ನನ್ನನ್ನು ನೋಡಿ, ನೀವೇನ್ ನರ್ಸಮ್ಮ ಇಲ್ಲಿ ಅಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ಹಾಗೆ ಗುರುತು ಹಿಡಿದದ್ದು ಅದೇ ಮೊದಲು. ಮೀನಾಕ್ಷಿ ಡಾಕ್ಟರು ಆ ದಿನ ಹಾಸನಕ್ಕೆ ಬಂದಿದ್ದರು. ಮೆದುಳಿನಲ್ಲಿ ನೀರು ಇಂಗದೆ ನಿಂತಿತ್ತು ಅಂತ ಅವರು ವಿವರಿಸಿದರೆ, ಷಡಕ್ಷರಪ್ಪನವರು ತಮ್ಮ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಹಂಗಾದ್ರೆ ಕಾಯಿ ಇನ್ನೂ ಆಗಿಲ್ಲ ಅನ್ನಿ ಅಂದರು. ಎಲ್ಲರೂ ನಕ್ಕೆವು. ಶಿವಗಂಗಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಮ್ಮೆಜಮಾನ್ರು ಬಂದ್ರು, ನಮ್ಮೆಜಮಾನ್ರು ಬಂದ್ರು ಅಂತ ನನ್ನ ಕಿವಿಯಲ್ಲಿ ಎರಡು ಸಲ ಹೇಳಿದಳು.

ಆಗ ಡಾಕ್ಟರು ಕೇಳಿದರು, ಮೂತ್ರದ ತೊಂದರೆ ಸರಿಯಾಗಿ ಎಷ್ಟು ದಿನದಿಂದ ಇದೆ, ಆಪರೇಷನ್ ಮಾಡುವವರಿಗೆ ಬರೆಯಬೇಕು ಅಂತ. ಶಿವಗಂಗಮ್ಮ ತಲೆ ತಗ್ಗಿಸಿದಳು. ನಾನು ಹೇಳಿದೆ, ಮೂರು ವರ್ಷದಿಂದ, ಮನೆಯವರಿಗೆ ಮೊದಲಿಂದ ಗೊತ್ತಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. ಮೊದಲ ವರ್ಷವೇ ಆಪರೇಷನ್ ಆಗಿದ್ದರೆ ನೆನಪೂ ಬಹುಪಾಲು ಬರುತ್ತಿತ್ತು, ಈಗ ಕಾಲು ಬರುತ್ತದೆ, ನೆನಪಿನದು ಹೇಳಲಾಗದು, ಇವತ್ತು ಕಾಣುವ ತಿಳಿವು ಹೀಗೇ ಉಳಿಯುತ್ತದೆ ಅಂತ ನಂಬಬೇಡಿ ಅಂದರು.

ಷಡಕ್ಷರಪ್ಪನವರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೆಂಡತಿಯ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದರು.

"ಮೂರು ವರ್ಷದಿಂದ ನಿಂಗೆ ಗೊತ್ತಿತ್ತೇನೇ? ಡಾಕ್ಟ್ರು ಕೇಳ್ದಾಗ ಹೇಳಕ್ಕೇನಾಗಿತ್ತು?"

ಆಣೆ ಇಡಿಸಿದ್ದು ಅವರಿಗೆ ನೆನಪಿರಲಿಲ್ಲ. ಅದು ಒಂದು ಮಾತ್ರ ತೊಳೆದುಕೊಂಡು ಹೋಗಿತ್ತು. ನಾನು ಬಾಯಿ ತೆರೆದೆ. ಶಿವಗಂಗಮ್ಮ ಕಟ್ಟು ಹಾಕದ ಎಡಗೈಯಿಂದ ನನ್ನ ಮುಂಗೈಯನ್ನು ಉಗುರು ನಾಟುವ ಹಾಗೆ ಹಿಡಿದಳು. ಆಮೇಲೆ ಗಂಡನಿಗೆ ಒಂದೇ ಮಾತು ಹೇಳಿದಳು, "ತಪ್ಪಾಯ್ತು."

ಮೂರನೇ ದಿನಕ್ಕೆ ನೀರು ಮತ್ತೆ ತುಂಬಿಕೊಂಡಿತು. ಪಾದ ನೆಲಕ್ಕೆ ಅಂಟಿತು, ಮಾತು ನಿಂತಿತು. ಆಪರೇಷನ್ ಆಯಿತು. ತಲೆಯಿಂದ ಒಂದು ಸಣ್ಣ ಕೊಳವೆ, ಚರ್ಮದ ಕೆಳಗೇ ಕಿವಿಯ ಹಿಂದಿನಿಂದ ಕೊರಳಿಗೆ ಇಳಿದು, ಹೊಟ್ಟೆಗೆ ಹೋಗುತ್ತದೆ. ಹೆಚ್ಚಾದ ನೀರು ಅಲ್ಲಿ ಇಂಗುತ್ತದೆ. ಗಾಯ ಮಾಗಿದ ಮೇಲೆ ಶಿವಗಂಗಮ್ಮ ಹೊಸ ಶಿವದಾರ ತಂದಳು. ಕೊಳವೆಯ ಗೆರೆ ಕಾಣುವ ಜಾಗಕ್ಕೆ ಒತ್ತದ ಹಾಗೆ ನಾನೇ ಅದರ ಉದ್ದ ನೋಡಿ ಕೊಟ್ಟೆ, ಅವಳು ಗಂಡನ ಕೊರಳಿಗೆ ಕರಡಿಗೆ ಕಟ್ಟಿದಳು.

ಮೂರು ತಿಂಗಳಿಗೆ ಡಾಕ್ಟರು ಹೇಳಿದ್ದೇ ಆಯಿತು. ಕಾಲು ಬಂತು. ಬಟ್ಟೆ ಒಣಗಿತು. ತಂತಿಯ ಮೇಲೆ ಈಗ ದಿನಕ್ಕೊಂದೇ ಪಂಚೆ. ನೆನಪು ಬರಲಿಲ್ಲ. ಮಗನನ್ನು ತೋಟದ ಆಳು ಅಂದುಕೊಳ್ಳುತ್ತಾರೆ. ಕಾಯಿ ಕೈಗೆ ಕೊಟ್ಟರೆ ಸುಮ್ಮನೆ ಹಿಡಿದುಕೊಂಡಿರುತ್ತಾರೆ, ಕಿವಿಗೆ ಒಯ್ಯುವುದು ಗೊತ್ತಾಗುವುದಿಲ್ಲ. ಪೂಜೆಯ ಹೊತ್ತಿಗೆ ಶಿವಗಂಗಮ್ಮ ಅವರ ಎಡಗೈಯನ್ನು ತನ್ನ ಕೈಯಲ್ಲಿ ಬಿಡಿಸಿ ಲಿಂಗ ಇಡಬೇಕು, ಇಲ್ಲದಿದ್ದರೆ ಮುಷ್ಟಿ ಮಾಡಿಬಿಡುತ್ತಾರೆ.

ಎಲ್ಲ ಹೋಗಿ ಹಾಸನದ ಆ ಒಂದು ದಿನದ ಒಂದು ಮಾತು ಮಾತ್ರ ಅವರಲ್ಲಿ ಉಳಿದುಕೊಂಡಿದೆ. ಯಾಕೆ ಅದೇ ಉಳಿಯಿತು ಅಂತ ಡಾಕ್ಟರಿಗೂ ಗೊತ್ತಿಲ್ಲ. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ ಷಡಕ್ಷರಪ್ಪನವರು ಸರಸರನೆ ನಡೆದುಕೊಂಡು ನಮ್ಮ ಕೇರಿಗೆ ಬರುತ್ತಾರೆ. ಶಿವಗಂಗಮ್ಮ ಹಿಂದೆ ಏದುಸಿರು ಬಿಡುತ್ತ ಬರುತ್ತಾಳೆ. ನಮ್ಮ ಮನೆಯೊಳಗೆ ಬಂದು ಕುರ್ಚಿಯಲ್ಲಿ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಾರೆ. ಯಾರ ಮನೆಯಲ್ಲಿ ಕುಡಿಯಬಾರದು ಅನ್ನುವುದೂ ಮರೆತುಹೋಗಿದೆ. ಅವಳು ಮರೆತಿಲ್ಲ, ಆದರೂ ಕುಡಿಯುತ್ತಾಳೆ. ಆಮೇಲೆ ಅವರು ಹೆಂಡತಿಯನ್ನು ಬೆರಳಿನಿಂದ ತೋರಿಸಿ ದೂರು ಹೇಳುತ್ತಾರೆ. "ನೋಡಿ ನರ್ಸಮ್ಮ, ಇವ್ಳಿಗೆ ಮೂರು ವರ್ಷದಿಂದ ಗೊತ್ತಿತ್ತು. ಡಾಕ್ಟ್ರಿಗೆ ಹೇಳ್ಲೇ ಇಲ್ಲ. ಹೇಳಿದ್ರೆ ನಾನು ಹಿಂಗಾಯ್ತಿದ್ನಾ?"

ನಾಲ್ಕು ತಿಂಗಳು ಕೇಳಿದೆ. ಅವಳು ಬಾಗಿಲ ಪಕ್ಕ ಲೋಟ ಹಿಡಿದು ನೆಲ ನೋಡುತ್ತ ಕೂತಿರುವುದನ್ನು ನಾಲ್ಕು ತಿಂಗಳು ನೋಡಿದೆ. ಮೊನ್ನೆ ಸೋಮವಾರ ತಡೆಯಲಾಗಲಿಲ್ಲ. ಎದುರಿಗೆ ಕೂತು ಎಲ್ಲ ಹೇಳಿಬಿಟ್ಟೆ. ಪೂಜೆಯಲ್ಲಿ ಆದದ್ದು, ಕರಡಿಗೆ ಬಿಚ್ಚಿಟ್ಟದ್ದು, ಅವಳ ಲಿಂಗವನ್ನು ಅವಳ ಕೈಯಲ್ಲೇ ಹಿಡಿಸಿ ಆಣೆ ಇಡಿಸಿದ್ದು. ಅವಳು ಹೇಳದೆ ಇದ್ದದ್ದು ನೀವು ಹೇಳಬೇಡ ಅಂದಿದ್ದಕ್ಕೆ ಅಂದೆ.

ಅವರು ಕೇಳಿದರು. ನಿಜವಾಗಿ ಕೇಳಿಸಿಕೊಂಡರು, ಮುಖದಲ್ಲಿ ಗೊತ್ತಾಯಿತು. ಎದ್ದು ಹೋಗಿ ಹೆಂಡತಿಯ ಮುಂದೆ ನೆಲದ ಮೇಲೆ ಕೂತು, ಅವಳ ಕೈ ಹಿಡಿದುಕೊಂಡು, ನಾನಾ, ನಾನೇನಾ ಅನ್ನುತ್ತ ಚಿಕ್ಕ ಮಗುವಿನ ಹಾಗೆ ಅತ್ತರು. ಅರ್ಧ ಗಂಟೆ ಅತ್ತರು. ನನಗೆ ಸಮಾಧಾನವಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಕೊನೆಗೂ ಆ ಹೆಂಗಸಿಗೆ ನ್ಯಾಯ ಸಿಕ್ಕಿತಲ್ಲ ಅಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವರು ಸರಸರನೆ ಬಂದರು. ಕುರ್ಚಿಯಲ್ಲಿ ಕೂತರು. ಕಾಫಿ ಕುಡಿದರು. ನೋಡಿ ನರ್ಸಮ್ಮ, ಇವ್ಳಿಗೆ ಮೂರು ವರ್ಷದಿಂದ ಗೊತ್ತಿತ್ತು ಅಂದರು.

ನಾನು ಮತ್ತೆ ಹೇಳಲು ಹೊರಟೆ. ಶಿವಗಂಗಮ್ಮ ಎದ್ದು ಬಂದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ನಮ್ಮ ಅಡುಗೆಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಇನ್ ಹೇಳ್ಬ್ಯಾಡಿ ನರ್ಸಮ್ಮ," ಅಂದಳು. "ನನ್ನ ಬೈಯೋವಾಗ ಅವ್ರಿಗೆ ನೋವಾಗಲ್ಲ. ನಿನ್ನೆ ಅತ್ರಲ್ಲ, ಅದು ಮೂರು ವರ್ಷ ಬಟ್ಟೆ ಒಗೆದಿದ್ದಕ್ಕಿಂತ ಕಷ್ಟ ಆಯ್ತು ನಂಗೆ. ತಪ್ಪು ನಂದೇ ಇರ್ಲಿ."

ಈಚೆ ಬಂದೆವು. ಅವಳು ಬಾಗಿಲ ಪಕ್ಕದ ತನ್ನ ಜಾಗದಲ್ಲಿ ಕೂತಳು. ಷಡಕ್ಷರಪ್ಪನವರು ಅವಳ ಕಡೆ ಬೆರಳು ತೋರಿಸಿ ಮತ್ತೆ ಮೊದಲಿಂದ ಶುರು ಮಾಡಿದರು. ನಾನು ಅವರ ಎದುರು ಕೂತು, ಹೌದಾ ಯಜಮಾನ್ರೇ, ಹಂಗ್ ಮಾಡ್ಬಿಟ್ರಾ ಅಂದೆ.